ಹೊಗೆಸೊಪ್ಪು ಹಾಕದೆ ಬರೀ ಎಲೆ-ಅಡಿಕೆ ತಿಂದ್ರೂ ಬಾಯಿ ಕ್ಯಾನ್ಸರ್ ಬರ್ತದಾ?

ಬರುವ ಸಾಧ್ಯತೆ ಖಂಡಿತ ಉಂಟು. ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ನಾವೆಲ್ಲ ಅಡಿಕೆ ತೋಟದಿಂದಲೇ ಬದುಕುವವರು, ಹೇಳ್ಲಿಕ್ಕೆ ಬೇಜಾರಾಗ್ತದೆ, ಆದ್ರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರಲ್ಲೇ ತಂಬಾಕು ಇಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರ್ತದೆ ಅಂತ ಖಚಿತವಾದ ವಸ್ತುಗಳ ಮೊದಲನೇ ಗುಂಪಿಗೆ ಸೇರಿಸಿದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕದಿಂದ ಕೆನ್ನೆಯ ಒಳಪದರ ನಾರಿನ ಹಾಗೆ ಗಟ್ಟಿಯಾಗ್ತಾ ಬರ್ತದೆ, ಮೊದಲು ಖಾರ ತಿಂದ್ರೆ ಉರಿ, ಆಮೇಲೆ ಬಾಯಿ ಪೂರ್ತಿ ತೆರೀಲಿಕ್ಕೇ ಆಗುದಿಲ್ಲ, ಕೆಲವರಿಗೆ ಅದೇ ಕ್ಯಾನ್ಸರಿಗೆ ತಿರುಗ್ತದೆ. 2024ರಲ್ಲಿ ಬಂದ ಅದೇ ಏಜೆನ್ಸಿಯ ಲೆಕ್ಕ ನೋಡಿದ್ರೆ 2022ರಲ್ಲಿ ಜಗತ್ತಿನ ಸುಮಾರು 1.2 ಲಕ್ಷ ಬಾಯಿ ಕ್ಯಾನ್ಸರ್ ಕೇಸಿಗೆ ಜಗಿಯುವ ತಂಬಾಕು, ಅಡಿಕೆ ಕಾರಣ, ಅದರಲ್ಲಿ ಹೆಚ್ಚಿನವು ಭಾರತದ್ದೇ. ಮನೆಯಲ್ಲಿ ದಿನಾ ಎಲೆ ಹಾಕುವ ಅಜ್ಜ ಅಜ್ಜಿ ಇದ್ರೆ ಬಾಯಲ್ಲಿ ಬಿಳಿ ಕಲೆ, ವಾಸಿಯಾಗದ ಹುಣ್ಣು ಉಂಟಾ ನೋಡಿ, ಕಂಡ್ರೆ ತಡ ಮಾಡದೆ ಹಲ್ಲಿನ ಡಾಕ್ಟ್ರಿಗೆ ತೋರಿಸಿ.