ಸಿಂಧನೂರಿಗೆ ಅಡಿಕೆ ಪತ್ರಿಕೆ

ಸಂಪಾದಕರೇ,
ನಾನು ಸಿಂಧನೂರಿನಲ್ಲಿ ಮೆಡಿಕಲ್ ಶಾಪ್ ನಡೆಸುತ್ತೇನೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಿರಾಕಿ ಕಡಿಮೆ. ಆ ಹೊತ್ತಿನಲ್ಲಿ ಓದಲು ಒಳ್ಳೆಯ ಕನ್ನಡ ಪತ್ರಿಕೆಗಳಿಗೆ ಚಂದಾ ಕಟ್ಟಬೇಕೆಂದಿದ್ದೇನೆ. ನನ್ನ ಮಗಳು, 'ಎಲ್ಲದರ ಪಿಡಿಎಫ್ ವಾಟ್ಸ್ಆ್ಯಪ್ ಗ್ರೂಪಿಗೆ ಬರುತ್ತಲ್ಲ, ಸುಮ್ನೆ ದುಡ್ಡು ಯಾಕಪ್ಪಾ' ಅನ್ನುತ್ತಾಳೆ. ಯಾವ ನಾಲ್ಕು ಪತ್ರಿಕೆ ತರಿಸಲಿ, ಹೇಳಿ.
– ಓದುಗರೊಬ್ಬರು, ಸಿಂಧನೂರು

ಉತ್ತರ:

ನಿಮ್ಮ ಮಗಳು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಹಳೆಯ ಸಂಚಿಕೆ ಹುಡುಕುವಾಗ ನನಗೂ ಫೋನೇ ಗತಿ. ಮುಂಚೆ ಇದಕ್ಕಾಗಿ ಬಸ್ ಹತ್ತಿ ಲೈಬ್ರರಿಗೆ ಹೋಗಿ ಧೂಳು ಕುಡಿಯಬೇಕಿತ್ತು. ಈಗ ಕೂತಲ್ಲೇ ಸಿಗುತ್ತದೆ. ಸಂತೋಷ.

ಆದರೆ ನನ್ನ ಫೋನಿನಲ್ಲಿ ಹೀಗೆ ಬಂದು ಬಿದ್ದ ಪಿಡಿಎಫ್‌ಗಳು ಮುನ್ನೂರಕ್ಕೂ ಜಾಸ್ತಿ ಇವೆ. ತೆರೆದು ನೋಡಿದ್ದು ಹತ್ತೋ ಹನ್ನೆರಡೋ. ಪೂರ್ತಿ ಓದಿದ್ದು? ಬೇಡ ಬಿಡಿ. ಮಗಳ ಫೋನನ್ನೂ ಒಮ್ಮೆ ಕೇಳಿ ನೋಡಿ.

ನನ್ನ ಅಜ್ಜನಿಗೆ ಮಲೆನಾಡಿನಲ್ಲಿ ಸಣ್ಣ ತೋಟ. ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದ ಅಳಿಯ ಮನಿಯಾರ್ಡರ್ ಮಾಡಿ ಮಾವನ ಹೆಸರಿಗೆ 'ಕಸ್ತೂರಿ' ಹಚ್ಚಿಸಿದ್ದರು. ಹುಬ್ಬಳ್ಳಿಯಿಂದಲೇ 1956ರಲ್ಲಿ ಶುರುವಾದ ಮಾಸಪತ್ರಿಕೆ ಅದು. ಪಾವೆಂ ಆಚಾರ್ಯರ ಸಂಪಾದಕತ್ವ. ಅಜ್ಜ ಕೇಳಿ ತರಿಸಿಕೊಂಡದ್ದಲ್ಲ. ಅಳಿಯ ಕಟ್ಟಿದ ದುಡ್ಡು ದಂಡವಾಗಬಾರದು ಅಂತ ಓದಲು ಕೂತರು.

ನಮ್ಮೂರ ಪೋಸ್ಟ್ ಆಫೀಸ್ ಅಂದರೆ ಪೋಸ್ಟ್ ಮಾಸ್ಟರರ ಮನೆಯ ಜಗುಲಿ. ಪತ್ರಿಕೆಗೆ ಸುತ್ತಿದ ರ‍್ಯಾಪರ್ ಎರಡೂ ಕಡೆ ತೆರೆದಿರುತ್ತದೆ. ಅಂಚೆ ರಿಯಾಯಿತಿ ಬೇಕೆಂದರೆ ಒಳಗೇನಿದೆ ಅಂತ ಕಾಣಬೇಕು. ಅದನ್ನು ಮೆಲ್ಲಗೆ ಜಾರಿಸಿ, ಓದಿ, ಮತ್ತೆ ತೊಡಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಮಾಸ್ಟರರು ಪ್ರತಿ ತಿಂಗಳೂ ಹಾಗೇ ಮಾಡುತ್ತಿದ್ದರು. ಆದರೆ ಕೊನೆಯಲ್ಲಿ ಬರುವ ಪುಸ್ತಕ ವಿಭಾಗದ ಪುಟದಲ್ಲಿ ಸುಣ್ಣದ ಹೆಬ್ಬೆಟ್ಟಿನ ಗುರುತು ಬಿಟ್ಟುಬಿಡುತ್ತಿದ್ದರು. ಎಲೆ ಹಾಕುವ ಅಭ್ಯಾಸ ನೋಡಿ. ಅಜ್ಜ ಒಮ್ಮೆಯೂ ಜಗಳ ಮಾಡಲಿಲ್ಲ. 'ಈ ಸಲದ್ದು ಹೇಗಿದೆ ಮಾರಾಯರೆ, ಓದಬಹುದಾ?' ಅಂತ ಕೇಳಿಯೇ ಕೈಗೆ ತೆಗೆದುಕೊಳ್ಳುತ್ತಿದ್ದರು.

ಪಾವೆಂ ಕನ್ನಡ ಶಬ್ದಗಳ ಹುಟ್ಟು ಕೆದಕಿ ಬರೆಯುತ್ತಿದ್ದರಲ್ಲ, ಅಜ್ಜನಿಗೆ ಅದರ ಹುಚ್ಚು ಹಿಡಿಯಿತು. ಕೊನೆಕೊನೆಗೆ ಅಡಿಕೆ ಕೊನೆ ಕೊಯ್ಯಲು ಬಂದವರನ್ನೂ ನಿಲ್ಲಿಸಿ, ಈ ಮಾತು ಎಲ್ಲಿಂದ ಬಂತು ಗೊತ್ತಾ ಅನ್ನುತ್ತಿದ್ದರು. ಅವರು ಮರ ಹತ್ತಿ ತಪ್ಪಿಸಿಕೊಳ್ಳುತ್ತಿದ್ದರು.

ಇದಕ್ಕೇ ನಾನು ಚಂದಾ ಚಂದಾ ಅಂತ ಬಡಿದುಕೊಳ್ಳುವುದು. ಫೋನು ನೀವು ಒತ್ತಿದ್ದನ್ನೇ ಮತ್ತೆ ತಂದು ಕೊಡುತ್ತದೆ. ಅಂಗಡಿಯಲ್ಲಿ ಬಿಡಿ ಪ್ರತಿ ಕೊಳ್ಳುವಾಗಲೂ ಮುಖಪುಟ ನೋಡಿ, ಬೇಕಾದ್ದಿದ್ದರೆ ಮಾತ್ರ ಕೊಳ್ಳುತ್ತೇವೆ. ಚಂದಾ ಪ್ರತಿ ಹಾಗಲ್ಲ. ನೀವು ಕೇಳದ ವಿಷಯ ಹೊತ್ತುಕೊಂಡು ಬಾಗಿಲಿಗೆ ಬರುತ್ತದೆ. ದುಡ್ಡು ಕೊಟ್ಟಾಗಿದೆ, ಓದಲೇಬೇಕು.

ಹಾಗಾಗಿ ನಾನು ಹೇಳುವ ಮೊದಲ ಹೆಸರು 'ಅಡಿಕೆ ಪತ್ರಿಕೆ'. ಸಿಂಧನೂರಿನಲ್ಲಿ ಅಡಿಕೆ ಎಲ್ಲಿದೆ ಸ್ವಾಮಿ, ಇದು ತುಂಗಭದ್ರಾ ಎಡದಂಡೆ, ಭತ್ತದ ನಾಡು ಅಂತೀರಾ? ಗೊತ್ತು. ಅದಕ್ಕೇ ಹೇಳಿದ್ದು. 1988ರಿಂದ ಪುತ್ತೂರಿನಿಂದ ಬರುತ್ತಿದೆ. ಕಟ್ಟಿ ಬೆಳೆಸಿದವರು ಕೃಷಿ ಪತ್ರಕರ್ತ ಶ್ರೀಪಡ್ರೆ. ರೈತರ ಕೈಗೇ ಲೇಖನಿ ಕೊಡಬೇಕು ಅನ್ನುವುದು ಅವರ ಹಟ. ಮಳೆನೀರು ಇಂಗಿಸುವುದು, ಹಲಸಿನ ಹಣ್ಣನ್ನು ಕೊಳೆಯಲು ಬಿಡದೆ ಕಾಸು ಮಾಡಿಕೊಳ್ಳುವುದು, ಯಾರೋ ತಮ್ಮ ಹಿತ್ತಲಿನಲ್ಲಿ ಮಾಡಿಕೊಂಡ ಸಣ್ಣ ಯಂತ್ರ, ಹೀಗೆ ಕೈಯಾರೆ ಮಾಡಿದವರ ಮಾತು ಅದರಲ್ಲಿರುತ್ತದೆ. ಉಪದೇಶ ಕಡಿಮೆ. ನಾನು ಬೆಂಗಳೂರಿನ ಬಾಡಿಗೆ ಮನೆಯಲ್ಲಿರುವವನು, ಒಂದು ಕರಿಬೇವಿನ ಗಿಡವನ್ನೂ ಉಳಿಸಿಕೊಳ್ಳಲಾಗದವನು. ಆದರೂ ಓದುತ್ತೇನೆ. ನೇರವಾದ ಕನ್ನಡ ಹೇಗಿರುತ್ತದೆ ಅಂತ ನೆನಪಾಗುವುದು ಅಲ್ಲೇ.

ಎರಡನೆಯದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ'. 1978ರಲ್ಲಿ ಜೆ.ಆರ್. ಲಕ್ಷ್ಮಣರಾವ್ ಅವರ ಸಂಪಾದಕತ್ವದಲ್ಲಿ ಶುರುವಾಯಿತು. ಹೆಸರು ಬಾಲ ಅಂತಿದ್ದರೂ ದೊಡ್ಡವರು ನಾಚಿಕೊಳ್ಳಬೇಕಿಲ್ಲ. ಕೌಂಟರಿನ ಮೇಲಿಟ್ಟರೆ ಔಷಧಿಗೆ ಬಂದವರ ಮಕ್ಕಳೂ ತಿರುವಿ ಹಾಕುತ್ತಾರೆ. ಮೂರನೆಯದು 'ಮಯೂರ', 1968ರಿಂದ ಬರುತ್ತಿರುವ ಮಾಸಪತ್ರಿಕೆ. ಕತೆ ಬೇಕಲ್ಲ ಮನುಷ್ಯನಿಗೆ.

ಇನ್ನು ದುಡ್ಡಿನ ಮಾತು. ಬಿಡಿ ಪ್ರತಿ ಅಂಗಡಿಗೆ ಹೋದರೆ ಏಜೆಂಟರ ಕಮಿಷನ್ ಕಳೆದು ಉಳಿದದ್ದು ನಮಗೆ, ಅದೂ ತಿಂಗಳುಗಳು ಕಳೆದ ಮೇಲೆ. ಮಾರಾಟವಾಗದ್ದು ವಾಪಸ್ ಬಂದು ರದ್ದಿಯಾಗುತ್ತದೆ. ಚಂದಾ ಹಣ ಮಾತ್ರ ಮೊದಲೇ ಬರುತ್ತದೆ. ಎಷ್ಟು ಪ್ರತಿ ಅಚ್ಚು ಹಾಕಿಸಬೇಕು, ಮುಂದಿನ ತಿಂಗಳ ಕಾಗದಕ್ಕೆ ಏನು ಮಾಡಬೇಕು ಅನ್ನುವ ಲೆಕ್ಕ ನಿಲ್ಲುವುದು ಅದರ ಮೇಲೆ. ನಿಮ್ಮ ಗ್ರೂಪಿನಲ್ಲಿ ಪಿಡಿಎಫ್ ಹಂಚುವ ಪುಣ್ಯಾತ್ಮರಿಗೆ ಇದು ಗೊತ್ತಿಲ್ಲ ಅಂತಲ್ಲ. 'ಕನ್ನಡ ಸೇವೆ' ಅಂತ ಕೆಳಗೆ ಬರೆದುಕೊಂಡಿರುತ್ತಾರೆ.

ಅವರಾದರೂ ವಾಸಿ. ಗೌರವ ಪ್ರತಿ ಕೇಳುವವರ ಕತೆ ಹೇಳಲೋ ಬೇಡವೋ. ನಮಗೆ ಬರುವ ಕವನಗಳು ನಮ್ಮ ಚಂದಾದಾರರಿಗಿಂತ ಜಾಸ್ತಿ. ಪ್ರಕಟವಾದರೆ ಐದು ಗೌರವ ಪ್ರತಿ ಬೇಕು. ಆಗದಿದ್ದರೆ ಪತ್ರಿಕೆಯ ಗುಣಮಟ್ಟ ಕುಸಿದಿದೆ ಅಂತ ಕಾಗದ. ಆ ಕಾಗದದ ಜೊತೆಯೂ ಒಂದು ಕವನ.

ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕದ ಗಂಟು ಹೊತ್ತು ಊರೂರು ಅಲೆದರು. ಮಾಸ್ತಿ ದೊಡ್ಡ ಸರ್ಕಾರಿ ಹುದ್ದೆ ಬಿಟ್ಟು ಬಂದು 1944ರಿಂದ ಎರಡು ದಶಕ 'ಜೀವನ' ಪತ್ರಿಕೆಯ ಸಂಪಾದಕರಾಗಿದ್ದರು. ರಾಶಿ (ಡಾ. ಎಂ. ಶಿವರಾಂ) ಅವರು ಡಾಕ್ಟರಿಕೆ ಮಾಡುತ್ತಲೇ 1942ರಿಂದ ಇಪ್ಪತ್ತೈದು ವರ್ಷ ಹಾಸ್ಯ ಪತ್ರಿಕೆ 'ಕೊರವಂಜಿ' ಹೊರತಂದರು. ಅದು 1967ರಲ್ಲಿ ನಿಂತಿತು. ಕತೆಗಾರ ವಿವೇಕ ಶಾನಭಾಗರ ಸಾಹಿತ್ಯ ಪತ್ರಿಕೆ 'ದೇಶ ಕಾಲ' ಬಂದದ್ದು 2005ರಿಂದ 2012ರವರೆಗೆ, ಏಳು ವರ್ಷ. ಒಂದು ಪತ್ರಿಕೆ ನಿಂತಾಗಲೆಲ್ಲ 'ಅಯ್ಯೋ, ಎಂಥಾ ಪತ್ರಿಕೆ' ಅಂತ ಸಭೆಗಳಲ್ಲಿ ಕಣ್ಣು ಒರೆಸಿಕೊಳ್ಳುವವರನ್ನು ನೋಡಿದ್ದೇನೆ. ಅಂಥವರಲ್ಲಿ ಚಂದಾ ಕಟ್ಟಿದ್ದವರು ಎಷ್ಟು ಜನ ಅಂತ ಕೇಳುವ ಧೈರ್ಯ ಮಾತ್ರ ಬಂದಿಲ್ಲ. ನಾನೂ ಕಾಲೇಜಿನಲ್ಲಿದ್ದಾಗ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ನಿಂತೇ 'ಸುಧಾ' ಓದಿ ಮುಗಿಸುತ್ತಿದ್ದವನು. 'ನಿಂತು ಓದಿದರೆ ಅರ್ಧ ರೇಟು ಕಣಪ್ಪಾ' ಅಂತ ಅಂಗಡಿಯವರು ಅಂದ ದಿನ ಎಷ್ಟು ನಾಚಿಕೆಯಾಯಿತು ಅಂತೀರಿ!

ನಾಲ್ಕು ಹೆಸರು ಕೇಳಿದ್ದಿರಿ, ಮೂರು ಹೇಳಿದ್ದೇನೆ. ನಮ್ಮ ಪಟ್ಟಿ ತೆಗೆದು ನೋಡಿದೆ. ಸಿಂಧನೂರಿನ ಚಂದಾದಾರರು ಮೂವರು. ಮೂವರಲ್ಲಿ ನೀವಿಲ್ಲ. ಆದರೂ ನಮ್ಮ ಪತ್ರಿಕೆ ಓದಿ ಕಾಗದ ಬರೆದಿದ್ದೀರಿ. ಎಲ್ಲಿ ಓದಿದಿರಿ ಅಂತ ನಾನು ಕೇಳುವುದಿಲ್ಲ, ಮಗಳ ಮರ್ಯಾದೆಯ ಪ್ರಶ್ನೆ.

ಚಂದಾ ಕಳಿಸುವಾಗ ವಿಳಾಸ ಪೂರ್ತಿ ಬರೆಯಿರಿ. 'ಬಸ್ ಸ್ಟ್ಯಾಂಡ್ ಹತ್ತಿರ' ಅಂದರೆ ಸಾಲದು, ಅಂಗಡಿಯ ಹೆಸರು, ಪಿನ್ ಕೋಡ್, ಫೋನ್ ನಂಬರ್ ಬೇಕು. ತಿಂಗಳ ಹತ್ತನೇ ತಾರೀಖಾದರೂ ಪ್ರತಿ ಬರದಿದ್ದರೆ ನಮಗೆ ಫೋನ್ ಮಾಡಿ. ಅದಕ್ಕೂ ಮುಂಚೆ ನಿಮ್ಮ ಪೋಸ್ಟ್ ಮ್ಯಾನ್ ಅಣ್ಣನನ್ನು ಒಮ್ಮೆ ಕೇಳಿಬಿಡಿ, ಓದಿ ಮುಗಿಯಿತಾ ಅಂತ.