ಕರುಳಿನ ಹುಣ್ಣಿಗೆ ಬಯಾಪ್ಸಿ ಆಯಿತು, ಲಿಂಫೋಮಾ (ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್) ಸಿಗಲಿಲ್ಲ. ಇಷ್ಟು ಸಾಕಲ್ವಾ?

ಎಷ್ಟೋ ಸಲ ಸಾಕಾಗುವುದಿಲ್ಲ. ಹೊಟ್ಟೆನೋವು, ಭೇದಿ, ಜ್ವರ, ತೂಕ ಇಳಿಯುವುದು ಲಿಂಫೋಮಾದಲ್ಲಷ್ಟೇ ಅಲ್ಲ, ಕರುಳಿನ ಟಿಬಿಯಲ್ಲೂ ಇರುತ್ತವೆ, ಕ್ರೋನ್ಸ್ ಕಾಯಿಲೆಯಲ್ಲೂ (ಕರುಳಿನ ದೀರ್ಘಕಾಲದ ಉರಿಯೂತ) ಇರುತ್ತವೆ. ನಮ್ಮಲ್ಲಿ ಟಿಬಿ ಜಾಸ್ತಿ, ಹಾಗಾಗಿ ಮೊದಲ ಅನುಮಾನ ಅದರ ಮೇಲೇ.

ಎಂಡೋಸ್ಕೋಪಿಯಲ್ಲಿ ತೆಗೆಯುವ ಚೂರು ಅಕ್ಕಿಕಾಳಿಗಿಂತ ಚಿಕ್ಕದು. ಅದರಲ್ಲಿ ಬರೀ ಸತ್ತ ಜೀವಕೋಶ ಬಂದರೆ ಏನೂ ತಿಳಿಯುವುದಿಲ್ಲ. ಹುಣ್ಣಿನ ಅಂಚು, ಬುಡ, ಹೀಗೆ ಹಲವು ಕಡೆಯಿಂದ ಚೂರು ಬೇಕು. ಆಮೇಲೆ ಇಮ್ಯುನೊಹಿಸ್ಟೋಕೆಮಿಸ್ಟ್ರಿ (ಜೀವಕೋಶದ ಪ್ರೋಟೀನ್ ಗುರುತುಗಳನ್ನು ಬಣ್ಣ ಹಾಕಿ ಹುಡುಕುವ ಪರೀಕ್ಷೆ) ಆಗಲೇಬೇಕು. ಕ್ಯಾನ್ಸರ್ ಕೋಶದಲ್ಲಿ ಸಿಡಿ20 ಎಂಬ ಗುರುತು ಕಂಡರೆ ಬಿ-ಸೆಲ್ (ಲಿಂಫೋಸೈಟ್‌ನ ಒಂದು ಬಗೆ) ಕಡೆ, ಸಿಡಿ3 ಕಂಡರೆ ಟಿ-ಸೆಲ್ (ಇನ್ನೊಂದು ಬಗೆ) ಕಡೆ. ತೀರಾ ಅಪರೂಪದ ಕರುಳಿನ ಟಿ-ಸೆಲ್ ಲಿಂಫೋಮಾ ಆದ ಎಂಇಐಟಿಎಲ್‌ನಲ್ಲಿ ಸಾಮಾನ್ಯವಾಗಿ ಸಿಡಿ8, ಸಿಡಿ56 ಕೂಡ ಇರುತ್ತವೆ.

ಟಿಬಿ ಮಾತ್ರೆ ಎರಡು ಮೂರು ತಿಂಗಳು ನುಂಗಿದರೂ ಹುಣ್ಣು ಮಾಗದಿದ್ದರೆ ಸುಮ್ನೆ ಕಾಯಬೇಡಿ. ಮತ್ತೆ ಬಯಾಪ್ಸಿ ಬೇಕಾ ಎಂದು ಡಾಕ್ಟರನ್ನು ಕೇಳಿ. ಹಳೆಯ ಸ್ಲೈಡು, ಪ್ಯಾರಾಫಿನ್ ಬ್ಲಾಕು (ಮೇಣದಲ್ಲಿ ಹುದುಗಿಸಿಟ್ಟ ಬಯಾಪ್ಸಿ ಚೂರು) ಎರಡನ್ನೂ ಲ್ಯಾಬಿನಿಂದ ಪಡೆದು ಲಿಂಫೋಮಾ ನೋಡುವ ಪ್ಯಾಥಾಲಜಿಸ್ಟ್‌ಗೆ ತೋರಿಸಿ.