14½ ವರ್ಷದ ಮಗನಿಗೆ ಇನ್ನೂ ದನಿ ಒಡೆದಿಲ್ಲ, ಡಾಕ್ಟರಿಗೆ ತೋರಿಸಬೇಕಾ?

ಅಕ್ಕಾ, ಮಗನಿಗೆ ಮೀಸೆ ಚಿಗುರಿಲ್ಲ, ದನಿ ಒಡೆದಿಲ್ಲ, ಅತ್ತೆ ಮಾತ್ರ ‘ಬೆಳೀತಾನೆ ಬಿಡು’ ಅಂತಾರೆ ಅಂತ ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ, ಸಕಲೇಶಪುರದ ಕಡೆಯವನು. ಹತ್ತನೇ ಕ್ಲಾಸಲ್ಲೂ ಪ್ರಾರ್ಥನೆ ಸಾಲಿಗೆ ನಾನೇ ಮೊದಲು. ಮನೆ ಫೋನ್ ಎತ್ತಿದರೆ ಆ ಕಡೆಯವರು ‘ಅಪ್ಪನ್ನ ಕರಿಯಮ್ಮ’ ಅನ್ನೋರು.

ಅಪ್ಪ ಅಮ್ಮ ಹಾಸನಕ್ಕೆ ಕರ್ಕೊಂಡು ಹೋಗಿದ್ದು 15 ತುಂಬಿದ ಮೇಲೆ. ಡಾಕ್ಟರು ನನ್ನ ದನಿ, ಮೀಸೆ ಕೇಳಲೇ ಇಲ್ಲ. ಗಂಡುಮಕ್ಕಳಿಗೆ ಪ್ರಾಯ ಬರುವಾಗ ಮೊದಲು ಬೆಳೆಯೋದು ವೃಷಣ. ಎತ್ತರ, ದನಿ, ಮೀಸೆ ಎಲ್ಲ ಆಮೇಲೆ. ಅಳೆಯೋಕೆ ಸಣ್ಣದರಿಂದ ದೊಡ್ಡದಕ್ಕೆ ಪೋಣಿಸಿದ ಒಂದು ಮಣಿಸರ ಇರುತ್ತೆ. 4 ಮಿಲಿಲೀಟರ್ ಮಣಿಯಷ್ಟಾದರೆ ಶುರುವಾಗಿದೆ ಅಂತ ಲೆಕ್ಕ, 14 ತುಂಬಿದರೂ ಆಗದಿದ್ದರೆ ತಡ. ಹಾಗಾಗಿ ನಿಮ್ಮ ಮಗನಿಗೆ ಆಗಲೇ ಶುರುವಾಗಿರಲೂಬಹುದು, ನಿಮಗೆ ಕಾಣಲ್ಲ ಅಷ್ಟೆ. (ಹೆಣ್ಣುಮಕ್ಕಳಿಗಾದರೆ 13ಕ್ಕೂ ಎದೆ ಬೆಳೆಯದಿದ್ದರೆ, 15ಕ್ಕೂ ಮುಟ್ಟಾಗದಿದ್ದರೆ ತೋರಿಸಬೇಕು. ಅವರದ್ದನ್ನ ಊರೇ ಲೆಕ್ಕ ಇಡುತ್ತೆ ಬಿಡಿ, ಹುಡುಗರನ್ನ ಕೇಳೋರಿಲ್ಲ.)

ಎಡಗೈ ಎಕ್ಸ್‌ರೇ ತೆಗೆಸಿದರು. 15 ವರ್ಷದ ನನ್ನ ಮೂಳೆಗೆ ಹನ್ನೆರಡೂವರೆ ವಯಸ್ಸು! ಡಾಕ್ಟರು ಅಪ್ಪನ ಕಡೆ ತಿರುಗಿ ‘ನೀವು ಯಾವಾಗ ಎತ್ತರ ಆಗಿದ್ದು?’ ಅಂದರು. ಪಿಯುಸಿಲಿ ಒಂದೇ ವರ್ಷಕ್ಕೆ ಪ್ಯಾಂಟೆಲ್ಲ ಗಿಡ್ಡ ಆಗಿದ್ದನ್ನ ಅಪ್ಪ ಬಾಯಿಬಿಟ್ಟಿದ್ದು ಅವತ್ತೇ. ಹುಡುಗರು ತಡವಾಗೋದಕ್ಕೆ ಅತಿ ಸಾಮಾನ್ಯ ಕಾರಣ ಇದೇ, ಮನೆತನದ ನಿಧಾನ. ನನಗೆ 16ಕ್ಕೆ ತಾನಾಗೇ ಶುರುವಾಯ್ತು.

ಆದರೆ ಅತ್ತೆ ಮಾತು ನಂಬಿ ಕೂರಬೇಡಿ. ಥೈರಾಯ್ಡ್, ಕಿಡ್ನಿ ತೊಂದರೆ, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ, ಸಾಕಷ್ಟು ಊಟವಿಲ್ಲದ್ದು, ಇವೂ ತಡ ಮಾಡಿಸುತ್ತವೆ. ನನ್ನನ್ನ ‘ಕಾಫಿ ಹೂವಿನ ವಾಸನೆ ಬರುತ್ತಾ?’ ಅಂತ ಕೇಳಿದರು. ತೋಟದವನಿಗೆ ಇದೆಂಥ ಪ್ರಶ್ನೆ ಅನ್ನಿಸ್ತು. ಮೂಗಿಗೆ ವಾಸನೆಯೇ ತಿಳಿಯದವರಿಗೆ ಕಲ್ಮನ್ ಸಿಂಡ್ರೋಮ್ ಇರಬಹುದಂತೆ. ಪ್ರಾಯಕ್ಕೆ ಚಾಲನೆ ಕೊಡೋ ಹಾರ್ಮೋನು ಅವರಲ್ಲಿ ಮೆದುಳಿಂದ ಸರಿಯಾಗಿ ಹೊರಡಲ್ಲ. ಅದು ಕಾದರೆ ಸರಿಹೋಗಲ್ಲ, ಚಿಕಿತ್ಸೆ ಬೇಕು.

ಹುಡುಗ ತೀರಾ ಕುಗ್ಗಿದ್ದರೆ ಕೆಲವು ತಿಂಗಳು ಕಡಿಮೆ ಡೋಸಿನ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಕೊಡೋದುಂಟು. ಅದು ಹಾರ್ಮೋನ್ ಡಾಕ್ಟರ್ ಕೆಲಸ. ಜಿಮ್ಮಿನವರು ಕೊಡೋ ಸ್ಟೆರಾಯ್ಡ್ ಮುಟ್ಟಿಸಬೇಡಿ, ಮೂಳೆ ಬೇಗ ಕೂಡಿಕೊಂಡು ಎತ್ತರ ಅಲ್ಲಿಗೇ ನಿಲ್ಲಬಹುದು.

ಹೋಗುವಾಗ ಅವನಪ್ಪನೂ ಬರಲಿ. ಪರೀಕ್ಷೆ ಮಾಡುವಾಗ ನೀವು ಹೊರಗೆ ಕೂತಿರಿ. ನಮ್ಮಮ್ಮ ಪರದೆ ಆಚೆಯಿಂದ ‘ಎಲ್ಲಾ ಸರಿ ಇದೆಯಾ ಡಾಕ್ಟ್ರೇ?’ ಅಂತ ಕೂಗಿದ್ದನ್ನ ನಾನಿನ್ನೂ ಮರೆತಿಲ್ಲ.